ಬಿಲ್ಲು ಬರುವ ಮೊದಲೇ ಬಾಯಿ ಬಿಡಿ

ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಆಸ್ಪತ್ರೆ ಖರ್ಚಿನ ಬಗ್ಗೆ ಕಾಸರಗೋಡು ಮತ್ತು ಮಂಜೇಶ್ವರ ತಾಲೂಕುಗಳಿಂದ ಬಂದ ಪತ್ರಗಳಲ್ಲಿ ಕೆಲವನ್ನು ಈ ಬಾರಿ ಆಯ್ದುಕೊಂಡಿದ್ದೇವೆ. ಆಸ್ಪತ್ರೆಯ ಬಿಲ್ಲಿಂಗ್, ವೈದ್ಯಕೀಯ ಸಮಾಜಸೇವೆ ಮತ್ತು ಕಾನೂನು ನೆರವಿನ ಕೆಲಸ ಬಲ್ಲವರು ಸೇರಿ ಉತ್ತರಿಸಿದ್ದಾರೆ. ಬರೆದವರ ಹೆಸರು, ಆಸ್ಪತ್ರೆಗಳ ಹೆಸರು ಬಿಟ್ಟಿದ್ದೇವೆ.

ನಮ್ಮ ಅತ್ತೆಗೆ ಹೃದಯದ ರಕ್ತನಾಳದಲ್ಲಿ ತಡೆಯಿದೆ, ಮಂಗಳೂರಿಗೆ ಕರೆದುಕೊಂಡು ಹೋಗಿ ಎಂದಿದ್ದಾರೆ. ಕೇರಳದ ಆರೋಗ್ಯ ಕಾರ್ಡ್ ಇದೆ. ನೆರೆಮನೆಯವರು ಕಳೆದ ವರ್ಷ ಅದೇ ಕಾರ್ಡ್ ಹಿಡಿದು ಹೋದಾಗ ‘ಇದು ಇಲ್ಲಿ ನಡೆಯುವುದಿಲ್ಲ’ ಎಂದು ಕಳುಹಿಸಿದರಂತೆ. ನಾವು ಹೋಗಬಹುದೇ? — ಪೆರ್ಲ

ಹೋಗಬಹುದು. ಆದರೆ ಹೊರಡುವ ಮುಂಚೆ ಎರಡು ಫೋನು ಮಾಡಿ.

ನಿಮ್ಮ ಕೈಯಲ್ಲಿರುವುದು ಕಾರುಣ್ಯ ಆರೋಗ್ಯ ಸುರಕ್ಷಾ ಪದ್ಧತಿಯ ಕಾರ್ಡ್. ಜನ ‘ಕಾಸ್ಪ್’ ಎನ್ನುತ್ತಾರೆ. ಕೇಂದ್ರದ ಆಯುಷ್ಮಾನ್ ಭಾರತ್ ಯೋಜನೆಯನ್ನೂ ಕೇರಳದ ಹಳೆಯ ವಿಮೆಯನ್ನೂ ಕೂಡಿಸಿ 2019ರ ಏಪ್ರಿಲಿನಲ್ಲಿ ಇದನ್ನು ಆರಂಭಿಸಿದರು. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಒಳರೋಗಿ ಚಿಕಿತ್ಸೆ ಸಿಗುತ್ತದೆ. ಮನೆಯಲ್ಲಿ ಎಷ್ಟು ಮಂದಿ ಇದ್ದರೂ, ವಯಸ್ಸು ಎಷ್ಟಾದರೂ ತೊಂದರೆಯಿಲ್ಲ. ಮೊದಲೇ ಇದ್ದ ಕಾಯಿಲೆಗೂ ನಡೆಯುತ್ತದೆ. ಆದರೆ ಈ ಕಾರ್ಡಿನಲ್ಲಿ ಎರಡು ಬಗೆಯ ಕುಟುಂಬಗಳಿವೆ: ಕೇಂದ್ರದ ಪಟ್ಟಿಯಿಂದ ಬಂದವು, ಕೇರಳ ತನ್ನ ಖರ್ಚಿನಲ್ಲಿ ಸೇರಿಸಿಕೊಂಡವು. ಬೇರೆ ರಾಜ್ಯದ ಆಸ್ಪತ್ರೆಯಲ್ಲೂ ಕಾರ್ಡ್ ನಡೆಯುವ ‘ಪೋರ್ಟಬಿಲಿಟಿ’ ಸೌಲಭ್ಯವನ್ನು ಮೂಲತಃ ಮಾಡಿದ್ದು ಕೇಂದ್ರದ ಪಟ್ಟಿಯವರಿಗಾಗಿ. ಆದ್ದರಿಂದ ಒಂದೇ ಓಣಿಯ ಎರಡು ಮನೆಗಳಲ್ಲಿ ಒಂದಕ್ಕೆ ಹೌದು, ಇನ್ನೊಂದಕ್ಕೆ ಇಲ್ಲ ಎಂಬ ಉತ್ತರ ಬರಬಹುದು.

ಮೊದಲ ಫೋನು ಕೇರಳದ ‘ದಿಶಾ’ ಸಹಾಯವಾಣಿ 1056ಕ್ಕೆ ಅಥವಾ ಆಯುಷ್ಮಾನ್ ಸಹಾಯವಾಣಿ 14555ಕ್ಕೆ. ಕಾರ್ಡ್ ಸಂಖ್ಯೆ ಹೇಳಿ, ಕಾರ್ಡ್ ಈಗ ಚಾಲ್ತಿಯಲ್ಲಿದೆಯೇ, ಈ ವರ್ಷದ ಮೊತ್ತದಲ್ಲಿ ಎಷ್ಟು ಉಳಿದಿದೆ, ಕರ್ನಾಟಕದಲ್ಲಿ ಬಳಸಬಹುದೇ ಎಂದು ಕೇಳಿ. ಎರಡನೆಯದು ನೀವು ಹೋಗಲಿರುವ ಆಸ್ಪತ್ರೆಯ ಆಯುಷ್ಮಾನ್ ಕೌಂಟರಿಗೆ. ಅಲ್ಲಿ ‘ಕಾರ್ಡ್ ತೆಗೆದುಕೊಳ್ಳುತ್ತೀರಾ’ ಎಂದಷ್ಟೇ ಕೇಳಿದರೆ ಸಾಲದು. ‘ಕೇರಳದ ರೋಗಿ, ಹೃದಯ ವಿಭಾಗ, ಆಂಜಿಯೋಪ್ಲಾಸ್ಟಿ, ನಿಮ್ಮಲ್ಲಿ ಆಗುತ್ತದೆಯೇ’ ಎಂದು ಕೇಳಿ. ಆಸ್ಪತ್ರೆ ಯೋಜನೆಯಲ್ಲಿದ್ದರೂ ಎಲ್ಲ ವಿಭಾಗಗಳೂ ಅದರಲ್ಲಿ ಇರುವುದಿಲ್ಲ. ಮೂಳೆ ವಿಭಾಗ ಇದ್ದು ಹೃದಯ ವಿಭಾಗ ಇಲ್ಲದಿದ್ದರೆ, ಬಾಗಿಲಲ್ಲಿ ಯೋಜನೆಯ ಬೋರ್ಡ್ ಇದ್ದರೂ ನಿಮಗೆ ಪ್ರಯೋಜನವಿಲ್ಲ.

ಕಾರ್ಡಿದ್ದೂ ಹಿಂದೆ ಬಂದವರ ತೊಂದರೆ ಬಹಳ ಸಲ ಇನ್ನೊಂದು ಕಡೆ ಇರುತ್ತದೆ: ಹೆಸರು. ಆಧಾರಿನಲ್ಲಿ ಕನ್ನಡದ ಉಚ್ಚಾರಕ್ಕೆ ತಕ್ಕ ಇಂಗ್ಲಿಷ್ ಅಕ್ಷರ, ಕಾರ್ಡಿನಲ್ಲಿ ಮಲಯಾಳಕ್ಕೆ ತಕ್ಕ ಅಕ್ಷರ, ಒಂದರಲ್ಲಿ ಮನೆಹೆಸರಿನ ಇನಿಶಿಯಲ್, ಇನ್ನೊಂದರಲ್ಲಿ ಇಲ್ಲ. ಯಂತ್ರ ಒಪ್ಪುವುದಿಲ್ಲ. ಇದನ್ನು ಊರಲ್ಲಿರುವಾಗಲೇ ಅಕ್ಷಯ ಕೇಂದ್ರದಲ್ಲಿ (ಸರ್ಕಾರಿ ಆನ್‌ಲೈನ್ ಸೇವೆಗಳ ಕೇಂದ್ರ) ತೋರಿಸಿ ಸರಿಪಡಿಸಿಕೊಳ್ಳಿ. ಬೀಡಿ ಕಟ್ಟಿ, ಅಡಿಕೆ ಸುಲಿದು ಬೆರಳು ಸವೆದ ಹಿರಿಯರ ಹೆಬ್ಬೆಟ್ಟನ್ನೂ ಯಂತ್ರ ಗುರುತಿಸುವುದಿಲ್ಲ. ಆಧಾರಿಗೆ ಜೋಡಿಸಿದ ಮೊಬೈಲು ಜೊತೆಗಿದ್ದರೆ ಒ.ಟಿ.ಪಿ.ಯಲ್ಲಿ ಕೆಲಸ ಆಗುತ್ತದೆ. ಆ ಸಿಮ್ ಗಲ್ಫಿನಲ್ಲಿರುವ ಮಗನ ಬಳಿ ಇದ್ದರೆ ಅವನಿಗೆ ಮೊದಲೇ ಹೇಳಿಡಿ. ಹೊಸ ಸೊಸೆ, ಹುಟ್ಟಿದ ಮಗುವಿನ ಹೆಸರು ಕಾರ್ಡಿಗೆ ಸೇರಿಸಿಲ್ಲವಾದರೆ ಕಾಯಿಲೆಗೆ ಕಾಯದೆ ಈಗಲೇ ಸೇರಿಸಿ.

ಇನ್ನೆರಡು ಮಾತು. ದಾಖಲಾದ ದಿನವೇ ಕಾರ್ಡ್ ಕೊಡಿ. ಆಸ್ಪತ್ರೆಯವರು ಚಿಕಿತ್ಸೆಗೆ ಮುಂಚೆ ಆನ್‌ಲೈನಿನಲ್ಲಿ ಅನುಮತಿ ಪಡೆಯಬೇಕು. ಶಸ್ತ್ರಚಿಕಿತ್ಸೆ ಮುಗಿದು, ನಗದು ಬಿಲ್ಲು ಆದ ಮೇಲೆ ತೋರಿಸಿದ ಕಾರ್ಡಿಗೆ ದಾರಿಯಿಲ್ಲ. ಯೋಜನೆಯಲ್ಲಿ ಸಿಗುವುದು ಸಾಮಾನ್ಯ ವಾರ್ಡ್. ‘ಸ್ವಲ್ಪ ಕೊಟ್ಟರೆ ರೂಮು ಸಿಗುತ್ತದೆ’ ಎಂದು ಒಪ್ಪಿ ಸಹಿ ಹಾಕಿದರೆ ಯೋಜನೆಯೇ ಕೈಬಿಟ್ಟುಹೋಗಬಹುದು. ವಾರ್ಡಿನಲ್ಲೇ ಇದ್ದರೆ ಹಾಸಿಗೆ, ವೈದ್ಯರ ಶುಲ್ಕ, ಔಷಧ, ಪರೀಕ್ಷೆ, ಸ್ಟೆಂಟ್, ರೋಗಿಯ ಊಟ, ಮನೆಗೆ ಹೋದ ಮೇಲೆ 15 ದಿನದ ಔಷಧ ಎಲ್ಲವೂ ಪ್ಯಾಕೇಜಿನೊಳಗೆ. ಮೇಲೆ ಹಣ ಕೇಳಿದರೆ ರಸೀದಿ ಕೇಳಿ, ಅದರೊಂದಿಗೆ 14555ಕ್ಕೆ ದೂರು ಕೊಡಿ. ಹೊರರೋಗಿ ವಿಭಾಗದ ಖರ್ಚು ಮಾತ್ರ ನಿಮ್ಮದೇ.

ಕರ್ನಾಟಕದ ಸ್ವಂತ ಆರೋಗ್ಯ ಯೋಜನೆ ಆ ರಾಜ್ಯದ ರೇಷನ್ ಕಾರ್ಡ್ ಇದ್ದವರಿಗೆ. ಮಂಗಳೂರಿನ ನೆಂಟರ ಕಾರ್ಡಿನಲ್ಲಿ ದಾಖಲಾಗುವ ಯೋಚನೆ ಬೇಡ. ಅದು ವಂಚನೆ, ಅಲ್ಲದೆ ಮುಂದಿನ ಎಲ್ಲ ವೈದ್ಯಕೀಯ ಕಾಗದ ತಪ್ಪು ಹೆಸರಿನಲ್ಲಿ ಉಳಿದುಬಿಡುತ್ತದೆ.

ನಾನು ಆಟೋ ಓಡಿಸುವವನು. ರೇಷನ್ ಕಾರ್ಡ್ ಬಿಳಿಯದು (ಆದ್ಯತೆಯಿಲ್ಲದ್ದು), ಆರೋಗ್ಯ ಕಾರ್ಡ್ ಇಲ್ಲ. ಹೆಂಡತಿಗೆ ಸ್ತನದಲ್ಲಿ ಗಡ್ಡೆ, ಕ್ಯಾನ್ಸರ್ ಎಂದಿದ್ದಾರೆ. 3 ಸಾವಿರ ಕೊಟ್ಟರೆ ಹೊಸ ಕಾರ್ಡ್ ಮಾಡಿಸಿಕೊಡುತ್ತೇನೆ ಎಂದು ಒಬ್ಬರು ಬಂದಿದ್ದಾರೆ. — ಉಪ್ಪಳ

ಆ 3 ಸಾವಿರ ಕೊಡಬೇಡಿ. ಪಟ್ಟಿಯಲ್ಲಿಲ್ಲದ ಕುಟುಂಬವನ್ನು ಹಣ ಪಡೆದು ಸೇರಿಸುವ ಅಧಿಕಾರ ಯಾರಿಗೂ ಇಲ್ಲ. ಹಳೆಯ ರೇಷನ್ ಕಾರ್ಡಿನಲ್ಲಿ, ಅಪ್ಪ ಅಮ್ಮನ ಕಾಲದಲ್ಲಿ, ವಿಮೆಗೆ ನಿಮ್ಮ ಹೆಸರು ಸೇರಿತ್ತೇ ಎಂದು ಅಕ್ಷಯ ಕೇಂದ್ರದಲ್ಲಿ ಒಮ್ಮೆ ಹುಡುಕಿಸಿ ನೋಡಿ.

ಇಲ್ಲವಾದರೆ ನಿಮ್ಮಂಥವರಿಗೆ ಇರುವುದು ಕಾರುಣ್ಯ ಬೆನೆವೊಲೆಂಟ್ ಫಂಡ್. ಕಾರುಣ್ಯ ಲಾಟರಿಯ ಹಣದಿಂದ ಹುಟ್ಟಿದ ನಿಧಿ. ಕಾಸ್ಪ್ ಇಲ್ಲದ, ವರ್ಷದ ಆದಾಯ 3 ಲಕ್ಷಕ್ಕಿಂತ ಕಡಿಮೆ ಇರುವ ಕುಟುಂಬಕ್ಕೆ 2 ಲಕ್ಷದವರೆಗೆ, ಮೂತ್ರಪಿಂಡದ ಕಾಯಿಲೆಗೆ 3 ಲಕ್ಷದವರೆಗೆ ಸಿಗುತ್ತದೆ. ಕ್ಯಾನ್ಸರ್, ಹೃದಯ, ಮೂತ್ರಪಿಂಡದಂಥ ದೊಡ್ಡ ಕಾಯಿಲೆಗಳು ಇದರಲ್ಲಿವೆ. ಹೆಸರು ಹತ್ತಿಸುವುದು ಯೋಜನೆಯಲ್ಲಿರುವ ಆಸ್ಪತ್ರೆಯ ಕೌಂಟರಿನಲ್ಲೇ. ರೇಷನ್ ಕಾರ್ಡ್, ಇಬ್ಬರ ಆಧಾರ್, ವಿಲೇಜ್ ಆಫೀಸಿನ ಆದಾಯ ಪ್ರಮಾಣಪತ್ರ, ಬಯಾಪ್ಸಿ ವರದಿ ಒಯ್ಯಿರಿ. ಆದಾಯ ಪ್ರಮಾಣಪತ್ರಕ್ಕೆ ಇವತ್ತೇ ಅಕ್ಷಯದಲ್ಲಿ ಅರ್ಜಿ ಹಾಕಿ. ಅದು ಕೈಗೆ ಬರುವುದಕ್ಕೆ ಕೆಲವು ದಿನ ಬೇಕು; ಆ ದಿನಗಳು ಚಿಕಿತ್ಸೆಯ ದಿನಗಳನ್ನು ತಿನ್ನಬಾರದು.

ಎಲ್ಲಿ ಚಿಕಿತ್ಸೆ ಎಂಬುದು ಹಣಕ್ಕಿಂತ ಮೊದಲಿನ ಪ್ರಶ್ನೆ. ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರ್, ಪರಿಯಾರಂನ ಸರ್ಕಾರಿ ಮೆಡಿಕಲ್ ಕಾಲೇಜು, ತಿರುವನಂತಪುರದ ಆರ್.ಸಿ.ಸಿ. (ಪ್ರಾದೇಶಿಕ ಕ್ಯಾನ್ಸರ್ ಕೇಂದ್ರ) ಇವೆ. ಸ್ತನ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆ ಒಂದರಲ್ಲೇ ಮುಗಿಯುವುದು ಅಪರೂಪ. ಕಿಮೋ, ವಿಕಿರಣ, ಆಮೇಲೆ ಐದಾರು ವರ್ಷ ಮಾತ್ರೆ ಇರಬಹುದು. ಖಾಸಗಿ ಆಸ್ಪತ್ರೆಯಲ್ಲಿ ಚಿನ್ನ ಅಡವಿಟ್ಟು ಶಸ್ತ್ರಚಿಕಿತ್ಸೆ ಮಾಡಿಸಿ, ಎರಡನೇ ಕಿಮೋ ಹೊತ್ತಿಗೆ ಹಣ ಮುಗಿದು ಮನೆಯಲ್ಲಿ ಕುಳಿತವರು ಬಹಳ. ಅರ್ಧಕ್ಕೆ ನಿಂತ ಕಿಮೋಗೆ ಹಾಕಿದ ದುಡ್ಡೂ ಹೋಯಿತು, ಕಾಲವೂ ಹೋಯಿತು. ಆದ್ದರಿಂದ ಮೊದಲ ದಿನವೇ ‘ಕೊನೆಯವರೆಗೆ ಒಟ್ಟು ಎಷ್ಟು ಹಂತ, ಎಷ್ಟು ತಿಂಗಳು, ಎಷ್ಟು ಖರ್ಚು’ ಎಂದು ಬರೆಸಿಕೊಂಡು, ಅಷ್ಟಕ್ಕೂ ನಿಲ್ಲಬಲ್ಲ ಜಾಗವನ್ನು ಆರಿಸಿ.

ಜೊತೆಗೆ ಮುಖ್ಯಮಂತ್ರಿಗಳ ದುರಿತಾಶ್ವಾಸ (ಪರಿಹಾರ) ನಿಧಿಗೆ ಅಕ್ಷಯದಿಂದ ಅರ್ಜಿ ಹಾಕಿ. ಇದಕ್ಕೆ ವೈದ್ಯರ ಪ್ರಮಾಣಪತ್ರ ಇತ್ತೀಚಿನದಾಗಿರಬೇಕು, ಬ್ಯಾಂಕ್ ಖಾತೆ ಅರ್ಜಿದಾರರ ಹೆಸರಿನಲ್ಲೇ ಇರಬೇಕು. ಖಾತೆ ಸಂಖ್ಯೆಯ ಒಂದು ಅಂಕಿ ತಪ್ಪಿ ಮಂಜೂರಾದ ಹಣ ತಿಂಗಳುಗಟ್ಟಲೆ ನಿಲ್ಲುವುದುಂಟು. ಪ್ರಧಾನಮಂತ್ರಿ ರಾಷ್ಟ್ರೀಯ ಪರಿಹಾರ ನಿಧಿಗೆ ಸಂಸದರ ಕಚೇರಿಯ ಮೂಲಕ ಕಳುಹಿಸಬಹುದು. ಅದಕ್ಕೆ ಆಸ್ಪತ್ರೆಯ ಮೂಲ ಎಸ್ಟಿಮೇಟ್ ಬೇಕು, ಹಣ ನೇರ ಆಸ್ಪತ್ರೆಗೇ ಹೋಗುತ್ತದೆ, ಈಗಾಗಲೇ ಕಟ್ಟಿದ ಬಿಲ್ಲಿಗೆ ಸಿಗುವುದಿಲ್ಲ. ಬಿಳಿ ಕಾರ್ಡನ್ನು ಆದ್ಯತಾ ಕಾರ್ಡಾಗಿ ಬದಲಿಸಲು ತಾಲೂಕು ಸಪ್ಲೈ ಆಫೀಸಿಗೆ ವೈದ್ಯಕೀಯ ಪ್ರಮಾಣಪತ್ರದೊಂದಿಗೆ ಅರ್ಜಿ ಕೊಡಿ. ಕ್ಯಾನ್ಸರ್, ಡಯಾಲಿಸಿಸ್ ರೋಗಿ ಇರುವ ಮನೆಯನ್ನು ಅವರು ಪ್ರತ್ಯೇಕವಾಗಿ ಪರಿಗಣಿಸುತ್ತಾರೆ.

ಹೆದ್ದಾರಿಯಲ್ಲಿ ಲಾರಿ ಗುದ್ದಿ ತಮ್ಮ ಹನ್ನೊಂದು ದಿನದಿಂದ ಮಂಗಳೂರಿನ ಖಾಸಗಿ ಆಸ್ಪತ್ರೆಯಲ್ಲಿದ್ದಾನೆ. ಬಿಲ್ಲು 2,86,000 ಆಗಿದೆ. 90 ಸಾವಿರ ಕಟ್ಟಿದ್ದೇವೆ, ಇನ್ನು ಹುಟ್ಟುವ ಹಾಗಿಲ್ಲ. ಪೂರ್ತಿ ಕಟ್ಟದೆ ಬಿಡುವುದಿಲ್ಲ ಎನ್ನುತ್ತಾರೆ. ಖಾಲಿ ಚೆಕ್ ಕೊಡಿ ಎಂದೂ ಕೇಳಿದ್ದಾರೆ. — ಕುಂಬಳೆ

ಚೆಕ್ ಕೊಡಬೇಡಿ. ಉಳಿದದ್ದನ್ನು ಆಮೇಲೆ ನೋಡೋಣ, ಇದನ್ನು ಮೊದಲು ನೆನಪಿಡಿ. ಸಹಿ ಹಾಕಿದ ಖಾಲಿ ಚೆಕ್ಕಿನಲ್ಲಿ ಮೊತ್ತವನ್ನು ಬೇರೆಯವರು ತುಂಬಿದರೂ ಕಾನೂನಿನ ಕಣ್ಣಿಗೆ ಅದು ನೀವು ಕೊಟ್ಟ ಚೆಕ್ಕೇ ಎಂದು 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದು ಬೌನ್ಸಾಗಿ, ನೋಟಿಸು ಬಂದು 15 ದಿನದೊಳಗೆ ಕಟ್ಟದಿದ್ದರೆ ಕ್ರಿಮಿನಲ್ ಕೇಸು. ಬಾಕಿ ಹಣ ಕೇವಲ ಸಾಲ, ಚೆಕ್ ಬೌನ್ಸ್ ಜೈಲಿನವರೆಗೂ ಹೋಗಬಹುದಾದ ಅಪರಾಧ. ರೇಷನ್ ಕಾರ್ಡ್, ಆಧಾರ್, ಜಾಗದ ಕಾಗದದ ಮೂಲಪ್ರತಿಗಳನ್ನೂ ಒತ್ತೆ ಇಡಬೇಡಿ.

ಬಿಲ್ಲಿಗಾಗಿ ರೋಗಿಯನ್ನು ತಡೆದಿಡುವ ಹಕ್ಕು ಆಸ್ಪತ್ರೆಗಿಲ್ಲ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ಸಿದ್ಧಪಡಿಸಿದ ರೋಗಿಗಳ ಹಕ್ಕುಪತ್ರದಲ್ಲಿ ಇದು ಸ್ಪಷ್ಟವಾಗಿದೆ. ಬಾಂಬೆ, ದೆಹಲಿ ಹೈಕೋರ್ಟುಗಳೂ ಹೀಗೇ ಹೇಳಿವೆ. ಬಾಕಿಯನ್ನು ಅವರು ಸಿವಿಲ್ ಕೋರ್ಟಿನಲ್ಲಿ ವಸೂಲಿ ಮಾಡಬಹುದು, ಮನುಷ್ಯನನ್ನು ಹಿಡಿದಿಡುವಂತಿಲ್ಲ. ತಡೆದರೆ 112ಕ್ಕೆ ಕರೆ ಮಾಡಬಹುದು. ಆದರೆ ಈ ಮಾತನ್ನು ಮೊದಲ ಬಾಣವಾಗಿ ಬಿಡಬೇಡಿ. ನಿಮ್ಮ ತಮ್ಮನಿಗೆ ಹೊಲಿಗೆ ಬಿಚ್ಚಿಸಲು, ಮೂಳೆಗೆ ಹಾಕಿದ ರಾಡ್ ನೋಡಿಸಲು ಅದೇ ವೈದ್ಯರ ಬಳಿ ಹೋಗಬೇಕು. ‘ಸ್ವಂತ ಇಚ್ಛೆಯಿಂದ, ವೈದ್ಯರ ಸಲಹೆ ಮೀರಿ ಹೋಗುತ್ತೇನೆ’ ಎಂಬ ಕಾಗದಕ್ಕೆ ಸಹಿ ಹಾಕಿ ಹೊರಬರುವುದೂ ತಪ್ಪು. ಮುಂದೆ ವಿಮೆ, ಪರಿಹಾರ ಯಾವುದನ್ನು ಕೇಳುವಾಗಲೂ ಅದು ಅಡ್ಡ ಬರುತ್ತದೆ. ಇನ್ನೂ ಒಳರೋಗಿ ಚಿಕಿತ್ಸೆ ಬೇಕಾದರೆ ಸರ್ಕಾರಿ ಆಸ್ಪತ್ರೆಗೆ ವರ್ಗಾಯಿಸುವ ಪತ್ರ ಕೇಳಿ.

ಈಗ ಬಿಲ್ಲು. ಒಟ್ಟು ಮೊತ್ತದ ಚೀಟಿ ಬೇಡ, ದಿನವಾರು, ಬಾಬ್ತುವಾರು ವಿವರದ ಬಿಲ್ಲು ಕೇಳಿ. ಅದು ನಿಮ್ಮ ಹಕ್ಕು. ಕುಳಿತು ಇವನ್ನು ನೋಡಿ: ಹಾಸಿಗೆ ದಿನಗಳು ಹನ್ನೊಂದೋ ಹನ್ನೆರಡೋ, ಐ.ಸಿ.ಯು.ನಿಂದ ವಾರ್ಡಿಗೆ ಬಂದ ದಿನ ಎರಡೂ ಕಡೆ ಬಾಡಿಗೆ ಹಾಕಿದ್ದಾರೋ. ಆಮ್ಲಜನಕ, ವೆಂಟಿಲೇಟರ್ ಗಂಟೆಗಳು ನರ್ಸ್ ಬರೆದ ಚಾರ್ಟಿಗೆ ಹೊಂದುತ್ತವೆಯೋ. ಶಸ್ತ್ರಚಿಕಿತ್ಸೆಯನ್ನು ಪ್ಯಾಕೇಜ್ ಎಂದು ಹಾಕಿ, ಅದರೊಳಗಿನ ಅರಿವಳಿಕೆ, ಥಿಯೇಟರ್ ಶುಲ್ಕವನ್ನು ಮತ್ತೆ ಬಿಡಿಯಾಗಿ ಹಾಕಿದ್ದಾರೋ. ಬಂದು ನೋಡದ ತಜ್ಞರ ವಿಸಿಟ್ ಇದೆಯೋ. ಎಲ್ಲಕ್ಕಿಂತ ಹೆಚ್ಚು ತಪ್ಪು ಸಿಗುವುದು ಔಷಧದಲ್ಲಿ: ವಾರ್ಡಿಗೆ ತರಿಸಿ, ಬಳಸದೆ ಫಾರ್ಮಸಿಗೆ ಹಿಂದಿರುಗಿಸಿದ ಇಂಜೆಕ್ಷನ್, ಗ್ಲೌಸ್, ಸಿರಿಂಜುಗಳನ್ನು ಬಿಲ್ಲಿನಿಂದ ಕಳೆದಿರುವುದಿಲ್ಲ. ಮೋಸ ಎಂದೇ ಅಲ್ಲ, ರಿಟರ್ನ್ ಎಂಟ್ರಿ ಡಿಸ್ಚಾರ್ಜ್ ದಿನದವರೆಗೆ ಆಗಿರುವುದಿಲ್ಲ ಅಷ್ಟೆ. ಹಾಕಿದ ಪ್ಲೇಟು, ರಾಡಿನ ಸ್ಟಿಕರ್ ಕೇಸ್ ಶೀಟಿನಲ್ಲಿ ಅಂಟಿಸಿರುತ್ತಾರೆ. ಬಿಲ್ಲಿನ ಹೆಸರು, ಸಂಖ್ಯೆ ಅದಕ್ಕೆ ಹೊಂದಬೇಕು.

ತಪ್ಪು ಕಳೆದು ಉಳಿದದ್ದರಲ್ಲಿ ರಿಯಾಯಿತಿ ಕೇಳುವಾಗ, ಎಲ್ಲಿ ಎಳೆದರೆ ಬರುತ್ತದೆ, ಎಲ್ಲಿ ಬರುವುದಿಲ್ಲ ಎಂದು ತಿಳಿದಿರಲಿ. ಔಷಧ, ಇಂಪ್ಲಾಂಟ್, ರಕ್ತ, ಹೊರಗೆ ಕಳುಹಿಸಿದ ಪರೀಕ್ಷೆಗೆ ಆಸ್ಪತ್ರೆಯೇ ಬೇರೆಯವರಿಗೆ ಹಣ ಕೊಟ್ಟಿರುತ್ತದೆ, ಅಲ್ಲಿ ಬಹಳ ಬಿಡಲಾರರು. ಹಾಸಿಗೆ, ನರ್ಸಿಂಗ್, ಥಿಯೇಟರ್, ಅವರದೇ ಲ್ಯಾಬ್, ಸ್ಕ್ಯಾನ್‌ಗಳಲ್ಲಿ ಬಿಡುವ ಜಾಗ ಇದೆ. ವೈದ್ಯರ ಶುಲ್ಕವನ್ನು ಬಿಡುವವರು ಆ ವೈದ್ಯರೇ. ಕೌಂಟರಿನಲ್ಲಿ ಕೇಳಿದರೆ ‘ಆಗುವುದಿಲ್ಲ’ ಎಂದೇ ಬರುತ್ತದೆ. ಸರ್ಜನ್ ರೌಂಡ್ಸಿಗೆ ಬಂದಾಗ ‘ಡಾಕ್ಟ್ರೇ, ನಮ್ಮ ಸ್ಥಿತಿ ಹೀಗಿದೆ’ ಎಂದು ಅವರಲ್ಲೇ ಹೇಳಿ. ಬಹಳ ವೈದ್ಯರು ತಮ್ಮ ಪಾಲನ್ನು ಬಿಟ್ಟು ಫೈಲಿನ ಮೇಲೆ ಬರೆಯುತ್ತಾರೆ, ಕೇಳುವವರೇ ಕಡಿಮೆ. ಮೆಡಿಕಲ್ ಕಾಲೇಜು ಆಸ್ಪತ್ರೆಯಾದರೆ ವೈದ್ಯಕೀಯ ಸಮಾಜಸೇವಾ ವಿಭಾಗ ಇರುತ್ತದೆ. ರೇಷನ್ ಕಾರ್ಡ್, ಆದಾಯ ಪ್ರಮಾಣಪತ್ರ, ಈಗಾಗಲೇ ಮಾಡಿದ ಸಾಲದ ರಸೀದಿ ಒಯ್ದು, ‘ಕಮ್ಮಿ ಮಾಡಿ’ ಎನ್ನುವ ಬದಲು ‘ಇಂದು 40 ಸಾವಿರ, ತಿಂಗಳಿಗೆ 4 ಸಾವಿರದಂತೆ ಇಷ್ಟು ಕಂತು, ಇದಕ್ಕಿಂತ ಹೆಚ್ಚು ಆಗದು’ ಎಂದು ನಿಜವಾದ ಅಂಕಿ ಹೇಳಿ. ಒಪ್ಪಂದ ಕಾಗದದ ಮೇಲೆ ಇರಲಿ: ಒಟ್ಟು ಬಾಕಿ, ಕಂತು, ತಾರೀಕು, ಬಡ್ಡಿಯಿಲ್ಲ ಎಂಬ ಮಾತು. ಒಂದು ಪ್ರತಿ ನಿಮ್ಮ ಬಳಿ. ಮುರಿಯುವ ಕಂತಿಗೆ ಒಪ್ಪಬೇಡಿ. 8 ಸಾವಿರಕ್ಕೆ ಒಪ್ಪಿ ಎರಡು ತಿಂಗಳಲ್ಲಿ ನಿಲ್ಲಿಸುವುದಕ್ಕಿಂತ 3 ಸಾವಿರವನ್ನು ತಪ್ಪದೆ ಕಟ್ಟುವುದು ಎರಡೂ ಕಡೆಯವರಿಗೆ ಒಳ್ಳೆಯದು.

ನಿಮ್ಮದು ರಸ್ತೆ ಅಪಘಾತವಾದ್ದರಿಂದ ಇನ್ನೊಂದು ದಾರಿ ಇದೆ. 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ಯೋಜನೆಯಂತೆ ಅಪಘಾತವಾದ ದಿನದಿಂದ 7 ದಿನದವರೆಗೆ 1.5 ಲಕ್ಷದ ಚಿಕಿತ್ಸೆ ನಗದಿಲ್ಲದೆ ಸಿಗಬೇಕು, ಆಸ್ಪತ್ರೆ ಯೋಜನೆಯಲ್ಲಿದ್ದರೆ. ಪೊಲೀಸ್ ದೃಢೀಕರಣದ ಮೇಲೆ ಅದು ನಡೆಯುತ್ತದೆ. ನಿಮ್ಮ ಪ್ರಕರಣದಲ್ಲಿ ಆಸ್ಪತ್ರೆ ಅದನ್ನು ದಾಖಲಿಸಿತ್ತೇ ಎಂದು ಕೇಳಿ. ಲಾರಿಯ ವಿಮೆಯಿಂದ ಪರಿಹಾರಕ್ಕೆ ಮೋಟಾರು ಅಪಘಾತ ನ್ಯಾಯಮಂಡಳಿಗೆ 6 ತಿಂಗಳೊಳಗೆ ಅರ್ಜಿ ಹಾಕುವುದೇ ಕ್ಷೇಮ. ಅಲ್ಲಿ ಬೇಕಾದದ್ದು ಮೂಲ ಬಿಲ್ಲು, ಡಿಸ್ಚಾರ್ಜ್ ಸಮ್ಮರಿ, ಆಂಬುಲೆನ್ಸ್ ರಸೀದಿ. ಒಂದನ್ನೂ ಎಸೆಯಬೇಡಿ. ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ ಕಾಸರಗೋಡಿನ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಅಥವಾ 15100ಕ್ಕೆ ಕರೆ ಮಾಡಿ.

ಮಾವ ಮಂಗಳೂರಿನಲ್ಲಿ ತೀರಿಕೊಂಡರು. 1.8 ಲಕ್ಷ ಬಾಕಿ ಇದ್ದದ್ದರಿಂದ ಹೆಣ ಬಿಡಲು ರಾತ್ರಿಯಾಯಿತು. ಈಗ ಉಳಿದ ಹಣಕ್ಕೆ ನನ್ನ ಗಂಡನಿಗೆ ಪತ್ರ ಬಂದಿದೆ. ನಾವು ಕಟ್ಟಲೇಬೇಕೇ? — ವರ್ಕಾಡಿ

ಬಾಕಿಗಾಗಿ ಹೆಣವನ್ನು ಇಟ್ಟುಕೊಳ್ಳುವಂತಿಲ್ಲ. ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ 2017ರಲ್ಲಿ ತಂದ ತಿದ್ದುಪಡಿಯಲ್ಲಿ ಈ ಮಾತು ಇದೆ. ದೂರು ಕೊಡಬೇಕಾದದ್ದು ದಕ್ಷಿಣ ಕನ್ನಡ ಜಿಲ್ಲಾಧಿಕಾರಿಗಳು ಅಧ್ಯಕ್ಷರಾಗಿರುವ ಜಿಲ್ಲಾ ಕುಂದುಕೊರತೆ ಪ್ರಾಧಿಕಾರಕ್ಕೆ. ನೀವು ಕೇರಳದವರಾದರೂ ಆಸ್ಪತ್ರೆ ಅಲ್ಲಿದೆ, ದೂರೂ ಅಲ್ಲಿಗೇ.

ಹಣದ ವಿಷಯ ಸಹಿಯ ಮೇಲೆ ನಿಂತಿದೆ. ದಾಖಲಿಸುವಾಗ ‘ಖರ್ಚಿಗೆ ನಾನು ಹೊಣೆ’ ಎಂಬ ಕಾಗದಕ್ಕೆ ನಿಮ್ಮ ಯಜಮಾನರು ಸಹಿ ಹಾಕಿದ್ದರೆ ಹೊಣೆ ಅವರದು. ಹಾಕಿಲ್ಲವಾದರೆ, ಮಗ ಎಂಬ ಕಾರಣಕ್ಕೆ ಸ್ವಂತ ಜೇಬಿನಿಂದ ಕಟ್ಟಬೇಕಾಗಿಲ್ಲ. ಮಾವ ಬಿಟ್ಟುಹೋದ ಆಸ್ತಿಯಲ್ಲಿ ಎಷ್ಟು ಬಂದಿದೆಯೋ ಅಷ್ಟರ ಮಟ್ಟಿಗೆ ಮಾತ್ರ. ಪತ್ರಕ್ಕೆ ಉತ್ತರ ಬರೆಯದೆ ಇರಬೇಡಿ. ಆ ಸಹಿ ಕಾಗದದ ಪ್ರತಿ ಮತ್ತು ಬಾಬ್ತುವಾರು ಬಿಲ್ಲು ಕಳುಹಿಸಿ ಎಂದು ರಿಜಿಸ್ಟರ್ಡ್ ಅಂಚೆಯಲ್ಲಿ ಕೇಳಿ.

ಮರಣ ನೋಂದಣಿ ಆಗುವುದು ಸತ್ತ ಸ್ಥಳದಲ್ಲಿ, ಅಂದರೆ ಮಂಗಳೂರಿನಲ್ಲಿ, 21 ದಿನದೊಳಗೆ. ಊರಿನ ಪಂಚಾಯತಿನಲ್ಲಿ ಕೇಳಿ ಪ್ರಯೋಜನವಿಲ್ಲ.

ಹತ್ತು ಹಾಸಿಗೆಯ ಚಿಕ್ಕ ನರ್ಸಿಂಗ್ ಹೋಮ್ ನಡೆಸುತ್ತಿದ್ದೇನೆ. ಕೊಡಲಾಗದವರನ್ನು ಕಳುಹಿಸಲು ಮನಸ್ಸಿಲ್ಲ, ಎಲ್ಲರಿಗೂ ಬಿಟ್ಟರೆ ಸಂಬಳ ಕೊಡಲಾಗದು. ಏನಾದರೂ ಕ್ರಮ ಇದೆಯೇ? — ಮುಳ್ಳೇರಿಯದ ವೈದ್ಯರು

ಈ ಪ್ರಶ್ನೆ ಕೇಳಿದ್ದಕ್ಕೆ ಸಂತೋಷ. ಈಗ ನಿಮ್ಮಲ್ಲಿ ಬಹುಶಃ ನಡೆಯುತ್ತಿರುವುದು ಹೀಗೆ: ಕೌಂಟರಿನ ಹುಡುಗಿ ಹಣ ಕೇಳುತ್ತಾಳೆ, ರೋಗಿ ನಿಮ್ಮ ಕೋಣೆಗೆ ಬರುತ್ತಾರೆ, ನೀವು ಬಿಡುತ್ತೀರಿ. ಬಾಯಿ ಇದ್ದವನಿಗೆ ರಿಯಾಯಿತಿ, ನಾಚಿಕೆಯವನಿಗೆ ಪೂರ್ತಿ ಬಿಲ್ಲು. ಆ ನಾಚಿಕೆಯವನೇ ನಿಜವಾಗಿ ಇಲ್ಲದವನು.

ಮೊದಲು ದರಪಟ್ಟಿಯನ್ನು ಹೊರಗೆ ತೂಗುಹಾಕಿ, ಕನ್ನಡದಲ್ಲೂ ಇರಲಿ. ಕೇರಳದ 2018ರ ಕ್ಲಿನಿಕಲ್ ಎಸ್ಟಾಬ್ಲಿಷ್‌ಮೆಂಟ್ಸ್ ಕಾಯ್ದೆ ದರ ಪ್ರದರ್ಶಿಸಲು ಹೇಳುತ್ತದೆ. 2025ರ ನವೆಂಬರಿನಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿದು, ಮುಂಗಡ ಅಥವಾ ದಾಖಲೆ ಇಲ್ಲವೆಂದು ತುರ್ತು ರೋಗಿಯನ್ನು ನಿರಾಕರಿಸಬಾರದು ಎಂದಿದೆ. ತುರ್ತಿನಲ್ಲಿ ಬಂದವರ ಜೀವ ನಿಲ್ಲುವಂತೆ ಮಾಡಿ, ಆಮೇಲೆ ಹಣದ ಮಾತು. ಉಳಿದ ದಾಖಲಾತಿಯಲ್ಲಿ ಹಣದ ಮಾತು ಮೊದಲೇ ಇರಲಿ. ದಾಖಲಿಸುವ ಗಂಟೆಯಲ್ಲಿ ಒಬ್ಬರು, ಹಿರಿಯ ನರ್ಸ್ ಆದರೂ ಸರಿ, ರೋಗಿಯ ಮನೆಯವರನ್ನು ಬೇರೆ ಕೋಣೆಯಲ್ಲಿ ಕೂರಿಸಿ ನಾಲ್ಕು ವಿಷಯ ಕೇಳಲಿ: ರೇಷನ್ ಕಾರ್ಡಿನ ಬಣ್ಣ, ಆರೋಗ್ಯ ಕಾರ್ಡ್ ಅಥವಾ ಇ.ಎಸ್.ಐ. (ಕಾರ್ಮಿಕರ ವಿಮೆ) ಇದೆಯೇ, ಮನೆಯಲ್ಲಿ ದುಡಿಯುವವರು ಎಷ್ಟು, ಈಗಾಗಲೇ ಕಾಯಿಲೆಗೆ ಸಾಲ ಇದೆಯೇ. ಬಡವರ ಹಳದಿ, ಗುಲಾಬಿ ಕಾರ್ಡಿಗೆ ಇಷ್ಟು ರಿಯಾಯಿತಿ, ನೀಲಿಗೆ ಇಷ್ಟು ಎಂದು ಮೊದಲೇ ಬರೆದಿಟ್ಟ ಪಟ್ಟಿ ಇದ್ದರೆ ಕೇಳುವವರಿಗೂ ಹಿಂಸೆಯಿಲ್ಲ. ಕಾರ್ಡಿನ ಬಣ್ಣವೊಂದನ್ನೇ ನಂಬಬೇಡಿ. ಗಲ್ಫಿನ ಮಗನ ಕಾಲದಲ್ಲಿ ಬಿಳಿಯಾದ ಕಾರ್ಡ್, ಅವನು ಕೆಲಸ ಬಿಟ್ಟು ಬಂದ ಮೇಲೂ ಬಿಳಿಯೇ ಇರುತ್ತದೆ. ಪಟ್ಟಿಗೆ ಹೊರತಾದವನ್ನು ನಿರ್ಧರಿಸುವವರು ಒಬ್ಬರೇ ಇರಲಿ. ತಿಂಗಳಿಗೆ ಎಷ್ಟು ಬಿಡಬಹುದೆಂದು ಮೊದಲೇ ಮೊತ್ತ ಕಟ್ಟಿಕೊಂಡರೆ ಸಂಬಳದ ದಿನ ತಡಬಡಾಯಿಸಬೇಕಾಗಿಲ್ಲ.

ನಿಮ್ಮಲ್ಲಿ ಇರಿಸಿಕೊಳ್ಳಬಾರದ ರೋಗಿಯೂ ಇದ್ದಾರೆ. ಐದು ದಿನದ ಮೇಲೆ ಹೋಗುವುದು, ಐ.ಸಿ.ಯು. ಬೇಕಾಗುವುದು ಕಂಡರೆ ಮೊದಲ ದಿನವೇ ಜನರಲ್ ಆಸ್ಪತ್ರೆಗೆ ಅಥವಾ ಕಾರ್ಡ್ ನಡೆಯುವ ಕಡೆಗೆ, ಮಾಡಿದ ಪರೀಕ್ಷೆಗಳ ಪ್ರತಿಯೊಂದಿಗೆ ಕಳುಹಿಸಿ. ಮೂರು ದಿನ ನಿಮ್ಮಲ್ಲಿ ಖರ್ಚು ಮಾಡಿ ಹೋದವರು ಅಲ್ಲಿ ಆಂಬುಲೆನ್ಸಿಗೂ ಹಣವಿಲ್ಲದೆ ಇಳಿಯುತ್ತಾರೆ. ಹದಿನೆಂಟಕ್ಕೆ ಕೆಳಗಿನ ಮಕ್ಕಳಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಆರೋಗ್ಯಕಿರಣಂ ಇದೆ, ಹುಟ್ಟಿನಿಂದ ಬಂದ ಹೃದಯದ ತೊಂದರೆಗೆ ಹೃದ್ಯಂ ಇದೆ. ಹೆರಿಗೆ, ಒಂದು ವರ್ಷದೊಳಗಿನ ಮಗುವಿನ ಚಿಕಿತ್ಸೆ ಸರ್ಕಾರಿಯಲ್ಲಿ ಉಚಿತ. ಇದನ್ನು ರೋಗಿಗೆ ಹೇಳುವುದೂ ಚಿಕಿತ್ಸೆಯ ಭಾಗ.

ಹಣ ಕಡಿಮೆ ಎಂದು ಔಷಧದ ದಿನ ಕತ್ತರಿಸಬೇಡಿ. ಏಳು ದಿನದ ಆಂಟಿಬಯೋಟಿಕ್ಕಿನಲ್ಲಿ ಮೂರು ದಿನದ್ದು ಕೊಂಡು ಹೋದವರು ಹತ್ತನೇ ದಿನ ಇನ್ನೂ ದೊಡ್ಡ ಖರ್ಚಿನೊಂದಿಗೆ ಬರುತ್ತಾರೆ. ಜೆನೆರಿಕ್ ಹೆಸರು ಬರೆದು ಜನೌಷಧಿ ಅಥವಾ ಕಾರುಣ್ಯ ಫಾರ್ಮಸಿಗೆ ಕಳುಹಿಸಿ. ಬಾಕಿ ಉಳಿಸಿ ಹೋಗುವವರಿಗೆ ‘ಬಾಕಿ ಇದ್ದರೂ ತೋರಿಸಲು ಬನ್ನಿ’ ಎಂದು ನೀವೇ ನಿಮ್ಮ ಬಾಯಿಂದ ಹೇಳಿ. 600 ರೂಪಾಯಿ ಬಾಕಿಯ ನಾಚಿಕೆಗೆ ಹೊಲಿಗೆ ಬಿಚ್ಚಿಸಲು ಬಾರದೆ, ಗಾಯ ಕೀವಾಗಿ ಬೇರೆ ಕಡೆ ದಾಖಲಾಗುವವರಿದ್ದಾರೆ. ಒಂದು ವರ್ಷದ ಮೇಲಿನ ಚಿಕ್ಕ ಬಾಕಿಗಳನ್ನು ಲೆಕ್ಕದಿಂದ ತೆಗೆದು, ಹಾಗೆ ತೆಗೆದೆವೆಂದು ಅವರಿಗೆ ಒಂದು ಸಂದೇಶ ಕಳುಹಿಸಿ. ತೆಗೆದದ್ದನ್ನು ಪುಸ್ತಕದಲ್ಲಿ ಹೆಸರು, ತಾರೀಕು, ಕಾರಣದೊಂದಿಗೆ ಬರೆದಿಡಿ, ನಿಮ್ಮ ಆಡಿಟರ್ ಅದನ್ನು ಕೇಳುತ್ತಾರೆ.

ನಮ್ಮ ಕ್ಲಬ್ಬಿನಿಂದ ಊರಿನ ಹುಡುಗನ ಕಿಡ್ನಿ ಬದಲಿಸುವ ಚಿಕಿತ್ಸೆಗೆ ಹಣ ಕೂಡಿಸಬೇಕೆಂದಿದ್ದೇವೆ. ಲೆಕ್ಕದ ಬಗ್ಗೆ ಮಾತು ಬಾರದಂತೆ ಹೇಗೆ ಮಾಡುವುದು? — ಬದಿಯಡ್ಕ

ಚಿಕಿತ್ಸಾ ಸಹಾಯ ಸಮಿತಿ ಮಾಡಿ, ವಾರ್ಡ್ ಮೆಂಬರ್ ಅದರಲ್ಲಿರಲಿ. ಸಮಿತಿಯ ಇಬ್ಬರು ಮತ್ತು ಮನೆಯವರಲ್ಲಿ ಒಬ್ಬರ ಜಂಟಿ ಖಾತೆ ತೆರೆಯಿರಿ. ಒಬ್ಬರ ಸ್ವಂತ ಗೂಗಲ್ ಪೇ ನಂಬರಿಗೆ ಹಣ ಹಾಕಿಸಬೇಡಿ. ಆತ ಎಷ್ಟೇ ಒಳ್ಳೆಯವನಾದರೂ ಅವನ ಸ್ವಂತ ಹಣವೂ ಊರಿನ ಹಣವೂ ಬೆರೆತುಹೋಗುತ್ತದೆ. ಬೇಡಿಕೆಯ ಮೊತ್ತ ಆಸ್ಪತ್ರೆಯ ಎಸ್ಟಿಮೇಟಿನಿಂದ ಬರಲಿ. ಕಿಡ್ನಿ ಬದಲಿಸಿದ ಮೇಲೆ ಜೀವನವಿಡೀ ದೇಹ ಅದನ್ನು ತಿರಸ್ಕರಿಸದಂತೆ ಮಾಡುವ ಔಷಧ ಬೇಕು. ಕನಿಷ್ಠ ಎರಡು ವರ್ಷದ ಆ ಖರ್ಚನ್ನೂ, ಮೊದಲ ತಿಂಗಳುಗಳ ಆಸ್ಪತ್ರೆ ಹತ್ತಿರದ ಬಾಡಿಗೆಯನ್ನೂ ಮೊತ್ತಕ್ಕೆ ಸೇರಿಸಿ. ಶಸ್ತ್ರಚಿಕಿತ್ಸೆಗೆ ಎಲ್ಲ ಸುರಿದು, ಔಷಧಕ್ಕೆ ಹಣವಿಲ್ಲದೆ ಹೊಸ ಕಿಡ್ನಿ ಕಳೆದುಕೊಳ್ಳುವುದು ಅತ್ಯಂತ ದುಃಖದ ಸೋಲು. ಅಂಗದಾನದ ಅನುಮತಿ ಸಮಿತಿಯ ಒಪ್ಪಿಗೆ ಬರುವ ಮೊದಲು ಶಸ್ತ್ರಚಿಕಿತ್ಸೆಯ ದಿನ ಘೋಷಿಸಬೇಡಿ.

ಬಸ್ಸಿನವರು ಒಂದು ದಿನದ ಗಳಿಕೆಯನ್ನು ಕೊಡುವ ಕಾರುಣ್ಯ ಯಾತ್ರೆ, ಸಹಾಯಾರ್ಥ ಯಕ್ಷಗಾನ ನಮ್ಮಲ್ಲಿ ಚೆನ್ನಾಗಿ ನಡೆಯುವ ದಾರಿಗಳು. ಆಟಕ್ಕೆ ಮೊದಲು ಮೇಳದ, ಮೈಕಿನ, ಪೆಂಡಾಲಿನ ಖರ್ಚು ಕಳೆದು ಎಷ್ಟು ಉಳಿಯುವುದೆಂದು ಲೆಕ್ಕ ಹಾಕಿ. ಪ್ರಾಯೋಜಕರು ಸಿಗದಿದ್ದರೆ ಉಳಿಯುವುದು ಕಮ್ಮಿ. ಡಬ್ಬ ಹಿಡಿದು ಹೋದರೆ ಇಬ್ಬರು ಇದ್ದು ಆ ದಿನವೇ ಎಣಿಸಿ ಸಹಿ ಹಾಕಿ. ಕೊನೆಯ ದಿನ ಮೊದಲೇ ಹೇಳಿ, ಅಂದು ಖಾತೆ ಮುಚ್ಚಿ. ಉಳಿದ ಹಣ ಯಾರಿಗೆ ಎಂದು ಮೊದಲ ಸಭೆಯಲ್ಲೇ ಬರೆದುಕೊಳ್ಳಿ. ಹುಡುಗ ಮೂಗಿಗೆ ನಳಿಕೆ ಹಾಕಿಕೊಂಡು ಮಲಗಿದ ಫೋಟೊ ಪೋಸ್ಟರಿನಲ್ಲಿ ಬೇಡ. ಅವನು ಗುಣವಾಗಿ ಅದೇ ಊರಿನಲ್ಲಿ ತಿರುಗಾಡಬೇಕು.

ಅಮ್ಮನಿಗೆ ವಾರಕ್ಕೆ ಎರಡು ಡಯಾಲಿಸಿಸ್. ಅಪ್ಪ ಹಾಸಿಗೆ ಹಿಡಿದಿದ್ದಾರೆ. — ನೀರ್ಚಾಲು

ಕಾಸ್ಪ್ ಕಾರ್ಡಿದ್ದರೆ ಡಯಾಲಿಸಿಸ್ ಅದರಲ್ಲೇ ನಡೆಯುತ್ತದೆ. ಕಾಸರಗೋಡು ಜನರಲ್ ಆಸ್ಪತ್ರೆಯ ಘಟಕದಲ್ಲಿ ಹೆಸರು ಬರೆಸಿ, ಸರದಿ ಬರುವವರೆಗೆ ಈಗಿನ ಜಾಗ ಬಿಡಬೇಡಿ. ಬಿ.ಪಿ.ಎಲ್. ಆಗಿದ್ದರೆ ‘ಸಮಾಶ್ವಾಸಂ’ನಲ್ಲಿ ತಿಂಗಳಿಗೆ 1,100 ರೂಪಾಯಿ, ಪೂರ್ಣ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರಿಗೆ ‘ಆಶ್ವಾಸಕಿರಣಂ’ನಲ್ಲಿ 600 ರೂಪಾಯಿ ಇದೆ. ಇವು ತಡವಾಗಿ ಬರುವುದುಂಟು, ಆ ಹಣದ ಮೇಲೆ ಕಂತು ಕಟ್ಟುವ ಲೆಕ್ಕ ಹಾಕಬೇಡಿ. ಅಪ್ಪನ ವಿಷಯವನ್ನು ಆಶಾ ಕಾರ್ಯಕರ್ತೆಗೆ ತಿಳಿಸಿ: ಪಂಚಾಯತಿನ ಪಾಲಿಯೇಟಿವ್ (ಹಾಸಿಗೆ ಹಿಡಿದವರ ಆರೈಕೆಯ) ನರ್ಸ್ ಮನೆಗೆ ಬಂದು ಕ್ಯಾಥೆಟರ್ ಬದಲಿಸುವುದು, ಹುಣ್ಣಿಗೆ ಕಟ್ಟುವುದು ಎಲ್ಲ ಉಚಿತ. ತಿಂಗಳಿಗೆ ಎರಡು ಆಂಬುಲೆನ್ಸ್ ಪ್ರಯಾಣ ಅದರಲ್ಲೇ ಉಳಿಯುತ್ತದೆ.

ಎಂಡೋಸಲ್ಫಾನ್ ಕೀಟನಾಶಕದಿಂದ ತೊಂದರೆಗೊಳಗಾದವರ ಪಟ್ಟಿಯಲ್ಲಿ ಮಗಳ ಹೆಸರಿದೆ. ಆದರೂ ಈ ಸಲ ಆಸ್ಪತ್ರೆಯಲ್ಲಿ ಹಣ ಕೇಳಿದರು. — ಎಣ್ಮಕಜೆ

ಪಟ್ಟಿಯಲ್ಲಿರುವವರಿಗೆ ಉಚಿತ ಚಿಕಿತ್ಸೆ ಸರ್ಕಾರ ಗುರುತಿಸಿದ ಆಸ್ಪತ್ರೆಗಳಲ್ಲಿ ಮಾತ್ರ. ಆ ಆಸ್ಪತ್ರೆಗಳ ಪಟ್ಟಿ ಬದಲಾಗುತ್ತಿರುತ್ತದೆ. ಪ್ರತಿ ಸಲ ಹೊರಡುವ ಮುಂಚೆ ಕಲೆಕ್ಟರೇಟಿನ ಎಂಡೋಸಲ್ಫಾನ್ ವಿಭಾಗದಲ್ಲಿ ಕೇಳಿಕೊಂಡೇ ಹೋಗಿ. ಈ ಸಲದ ರಸೀದಿಗಳ ಪ್ರತಿಯೊಂದಿಗೆ ಅಲ್ಲೇ ಲಿಖಿತ ಅರ್ಜಿ ಕೊಡಿ. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೊಡಿಸಿದ 5 ಲಕ್ಷ ಪರಿಹಾರ ಬೇರೆ, ಈ ಚಿಕಿತ್ಸೆ ಬೇರೆ. ಅದು ಸಿಕ್ಕಿದೆ ಎಂದು ಇದನ್ನು ನಿಲ್ಲಿಸುವಂತಿಲ್ಲ.

ಈ ಅರ್ಜಿಗಳನ್ನೆಲ್ಲ ಕನ್ನಡದಲ್ಲಿ ಕೊಡಬಹುದೇ? — ಮೀಂಜ

ಕೊಡಬಹುದು. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯಂತೆ ಕನ್ನಡ ಅಲ್ಪಸಂಖ್ಯಾತರು ಸೆಕ್ರೆಟರಿಯೇಟಿಗೆ, ಇಲಾಖಾ ಮುಖ್ಯಸ್ಥರಿಗೆ, ಭಾಷಾ ಅಲ್ಪಸಂಖ್ಯಾತ ಪ್ರದೇಶದ ಕಚೇರಿಗಳಿಗೆ ಕನ್ನಡದಲ್ಲೇ ಬರೆಯಬಹುದು, ಉತ್ತರವನ್ನೂ ಕನ್ನಡದಲ್ಲೇ ಪಡೆಯಬಹುದು. ಕಾಯಿಲೆಯ ಹೆಸರನ್ನು ಮಾತ್ರ ವೈದ್ಯರು ಬರೆದ ಅಕ್ಷರಗಳಲ್ಲೇ ಇಂಗ್ಲಿಷಿನಲ್ಲಿ ಇಳಿಸಿ. ಅಲ್ಲಿ ಅನುವಾದ ಮಾಡಿದರೆ ಪ್ರಮಾಣಪತ್ರಕ್ಕೂ ಅರ್ಜಿಗೂ ತಾಳೆಯಾಗದೆ ವಾಪಸು ಬರುತ್ತದೆ. ಕೊಟ್ಟ ಅರ್ಜಿಯ ಪ್ರತಿಯ ಮೇಲೆ ಕಚೇರಿಯ ಸೀಲು, ತಾರೀಕು ಹಾಕಿಸಿಕೊಂಡೇ ಹಿಂದಿರುಗಿ.